ಬಳಪವಿಲ್ಲದ ಹಲಗೆ

ಹೊಸ ಟ್ಯಾಬ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಏನನ್ನು ಪರೀಕ್ಷಿಸುತ್ತಾರೆ? ಪರದೆ ಎಷ್ಟು ಇಂಚು, ಮೆಮೊರಿ ಎಷ್ಟು ಜಿಬಿ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ, ಸಿಮ್ ಹಾಕಲು ಜಾಗವಿದೆಯೇ, ವಿಡಿಯೊ ತಡೆಯದೆ ಓಡುತ್ತದೆಯೇ ಎಂದು ನೋಡುತ್ತಾರೆ. ಜೊತೆಗೆ ಪೆನ್ನು ಬಂದಿದ್ದರೆ ಅದನ್ನು ಎಳೆದು ಪರದೆಯ ಮೇಲೆ ಒಂದು ಸುರುಳಿ ಬಿಡಿಸಿ, ಇಂಗ್ಲಿಷಿನಲ್ಲಿ ಒಂದು ಸಹಿ ಗೀಚಿ, ಮತ್ತೆ ಅದರ ಗೂಡಿಗೆ ಸೇರಿಸಿಬಿಡುತ್ತಾರೆ. ಈ ಪರೀಕ್ಷೆಯ ಹಿಂದೆ ಒಂದು ನಂಬಿಕೆ ಇದೆ. ಪೆನ್ನು ಚಿತ್ರ ಬಿಡಿಸುವವರಿಗೆ ಬೇಕಾದದ್ದು; ಬರೆಯುವವರಿಗೆ ಕೀಲಿಮಣೆ ಇದೆ; ಕನ್ನಡ ಟೈಪಿಸಲು ಬಾರದವರು ಇಂಗ್ಲಿಷ್ ಅಕ್ಷರಗಳನ್ನೇ ಒತ್ತಿ ಕನ್ನಡ ಪಡೆಯಬಹುದು; ಅದೂ ಕಷ್ಟವಾದರೆ ಬಾಯಲ್ಲಿ ಹೇಳಿದರೆ ಯಂತ್ರವೇ ಬರೆದುಕೊಳ್ಳುತ್ತದೆ; ಆದ್ದರಿಂದ ಕೈಬರಹದ ಕಾಲ ಮುಗಿಯಿತು ಎಂಬ ನಂಬಿಕೆ. ಮಾರುವವರು, ಕೊಳ್ಳುವವರು, ಶಾಲೆ ಕಚೇರಿಗಳಿಗೆ ಸಾವಿರಗಟ್ಟಲೆ ಟ್ಯಾಬ್ ತರಿಸುವವರು, ಕನ್ನಡದ ತಂತ್ರಜ್ಞಾನದ ಬಗ್ಗೆ ನಿಜವಾದ ಕಾಳಜಿ ಇರುವವರು ಕೂಡ ಇದನ್ನು ಒಪ್ಪಿಕೊಂಡಂತಿದೆ. ಈ ನಂಬಿಕೆ ತಪ್ಪು ಎಂಬುದು ನನ್ನ ವಾದ. ಕನ್ನಡದಲ್ಲಿ ಬರೆಯುವವರ ಮಟ್ಟಿಗೆ ಟ್ಯಾಬಿನ ಮುಖ್ಯ ಅಂಗವೇ ಪೆನ್ನು. ಅದಿಲ್ಲದೆ ಟ್ಯಾಬ್ ಕೊಡುವುದೆಂದರೆ ಮಗುವಿನ ಕೈಗೆ ಹಲಗೆ ಕೊಟ್ಟು ಬಳಪ ಕೊಡದೆ ಕೂರಿಸಿದಂತೆ.

ಬಳಪದ ಮಾತು ಇಲ್ಲಿ ಬರೀ ಹೋಲಿಕೆಗಾಗಿ ಬಂದದ್ದಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯ, ಹಳೇಬೀಡಿನ ಹೊಯ್ಸಳೇಶ್ವರ, ಅರಸೀಕೆರೆಯ ಶಿವಾಲಯ ಎಲ್ಲವೂ ಬಳಪದ ಕಲ್ಲಿನವು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವ ಈ ಕಲ್ಲನ್ನೇ ಕಡ್ಡಿಯಾಗಿ ಕೊಯ್ದು ನಮ್ಮ ಹಿಂದಿನ ತಲೆಮಾರುಗಳು ಬರೆದವು. ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಚಿದ ಕಪ್ಪು ಕಡತದ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬೇಕಾದಾಗ ಒರೆಸಿ ಮತ್ತೆ ಬರೆಯುತ್ತಿದ್ದರು. ಮಡಿಚಿ ಒಯ್ಯಬಹುದಾದ, ಅಳಿಸಿ ಬರೆಯಬಹುದಾದ ಕಪ್ಪು ಮೈ, ಅದರ ಮೇಲೊಂದು ಕಡ್ಡಿ: ಇವತ್ತಿನ ಟ್ಯಾಬಿನ ಮೂಲ ಕಲ್ಪನೆ ನಮ್ಮ ಶಾನುಭೋಗರ ಬಗಲಲ್ಲೇ ಇತ್ತು. ಸರ್ಕಾರಿ ಕಚೇರಿಯ ಫೈಲಿಗೆ ಇಂದಿಗೂ ಕಡತವೆಂದೇ ಹೆಸರು. ಇನ್ನೂ ಹಿಂದೆ ಹೋದರೆ ಬೇಲೂರು ತಾಲ್ಲೂಕಿನ ಹಲ್ಮಿಡಿ ಇದೆ. ಎಂ.ಎಚ್. ಕೃಷ್ಣ ಅವರು 1936ರಲ್ಲಿ ಪ್ರಕಟಿಸಿದ, ಸುಮಾರು ಕ್ರಿ.ಶ. 450ರದೆಂದು ಎಣಿಸಲಾದ ಆ 16 ಸಾಲಿನ ಶಾಸನದಲ್ಲಿ ಉಳಿಯ ಮೊನೆ ಕೊರೆದ ಅಕ್ಷರಗಳಿವೆ. ಆಮೇಲೆ ಓಲೆಗರಿ ಬಂತು, ಕಬ್ಬಿಣದ ಕಂಟ ಬಂತು. ನೇರಗೆರೆ ಎಳೆದರೆ ನಾರಿನ ಗುಂಟ ಗರಿ ಸೀಳುತ್ತದೆಂಬ ಕಾರಣಕ್ಕೆ ದಕ್ಷಿಣದ ಲಿಪಿಗಳು ದುಂಡಗಾದವೆಂದು ಲಿಪಿಯ ಚರಿತ್ರೆ ಬಲ್ಲವರು ವಿವರಿಸುವುದುಂಟು. ಉಳಿ, ಕಂಟ, ಬಳಪ, ಲೇಖನಿ ಎಲ್ಲವೂ ಮೊನೆಯುಳ್ಳ ಉಪಕರಣಗಳೇ. ಒಂದೂವರೆ ಸಾವಿರ ವರ್ಷ ನಮ್ಮ ಅಕ್ಷರ ರೂಪುಗೊಂಡದ್ದು ಮೊನೆ ಹಿಡಿದ ಕೈಯಲ್ಲಿ.

ಚರಿತ್ರೆ ದೊಡ್ಡದಿದೆ ಎಂದ ಮಾತ್ರಕ್ಕೆ ಹಳೆಯ ಉಪಕರಣ ಇಂದಿಗೂ ಬೇಕೆಂದು ಹೇಳಲಾಗದು. ಆದ್ದರಿಂದ ಲಿಪಿಯ ರಚನೆಯನ್ನೇ ನೋಡೋಣ. ಇಂಗ್ಲಿಷ್ ಅಕ್ಷರಗಳು ಒಂದರ ಪಕ್ಕ ಒಂದು ಸಾಲಾಗಿ ನಿಲ್ಲುತ್ತವೆ. ಕೀಲಿಮಣೆಯ ಕೆಲಸವೂ ಅದೇ, ಒಂದಾದ ಮೇಲೊಂದು ಒತ್ತುವುದು. ಕನ್ನಡದ ಅಕ್ಷರ ಹಾಗೆ ಸಾಲಾಗಿ ಕೂರುವುದಿಲ್ಲ. 49 ಅಕ್ಷರಗಳ ವರ್ಣಮಾಲೆ ಗುಣಿತ, ಒತ್ತಕ್ಷರಗಳ ಮೂಲಕ ಸಾವಿರಾರು ಆಕಾರಗಳಾಗಿ ಬೆಳೆಯುತ್ತದೆ. ತಲಕಟ್ಟು ಮೇಲೆ ಕೂರುತ್ತದೆ, ಗುಡಿಸು ತಲೆಯ ಮೇಲೆ ಸುತ್ತುತ್ತದೆ, ಕೊಂಬು ಬಲಕ್ಕೆ ಚಾಚುತ್ತದೆ, ಒತ್ತು ಕೆಳಗಿಳಿಯುತ್ತದೆ. ‘ರಾಷ್ಟ್ರ’ ಎಂಬ ಪದವನ್ನು ತೆಗೆದುಕೊಳ್ಳಿ. ಯಂತ್ರದ ಲೆಕ್ಕದಲ್ಲಿ ಅದು ಏಳು ಸಂಕೇತಗಳ ಸಾಲು: ರ, ದೀರ್ಘ, ಷ, ವಿರಾಮ, ಟ, ವಿರಾಮ, ರ. ಬರೆಯುವ ಕೈಗೆ ಅದು ಎರಡೇ ಅಕ್ಷರ. ಮೊದಲು ‘ರಾ’, ಆಮೇಲೆ ‘ಷ’ ಬರೆದು ಅದರ ಕಾಲಡಿ ಟ-ಒತ್ತು, ಅದರ ಮಗ್ಗುಲಿಗೆ ರ-ಒತ್ತು. ‘ಧರ್ಮ’ದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಾಯಲ್ಲಿ ರಕಾರ ಮೊದಲು ಬರುತ್ತದೆ, ಕೈಯಲ್ಲಿ ಅರ್ಕಾವತ್ತು ಕೊನೆಗೆ ಬರುತ್ತದೆ. ಒಂದನೇ ತರಗತಿಯಿಂದ ಕೈ ಕಲಿತ ಕ್ರಮ ಇದು. ಕೀಲಿಮಣೆಯ ಮುಂದೆ ಕೂತವರು ಇದನ್ನು ಬಿಚ್ಚಿ, ಕಣ್ಣಿಗೆ ಕಾಣದ ವಿರಾಮ ಚಿಹ್ನೆಗಳನ್ನು ನಡುನಡುವೆ ಸೇರಿಸಿ, ಬೇರೊಂದು ಕ್ರಮದಲ್ಲಿ ಜೋಡಿಸಬೇಕು. ಬೆರಳೆಣಿಕೆಯ ವೃತ್ತಿನಿರತರಿಗೆ ಅದು ಅಭ್ಯಾಸದಿಂದ ಬರುತ್ತದೆ. ಉಳಿದವರಿಗೆ ತಮ್ಮದೇ ಲಿಪಿಯನ್ನು ಎರಡನೇ ಸಲ, ಬಿಡಿಭಾಗಗಳಾಗಿ ಕಲಿಯುವ ಹೊರೆ ಇದು. ಆ ಹೊರೆ ಹೊರಲಾರದೆ ಲಕ್ಷಾಂತರ ಜನ ಕನ್ನಡ ಟೈಪಿಸುವುದನ್ನೇ ಬಿಟ್ಟು, ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುತ್ತಿದ್ದಾರೆ.

ಕೀಲಿಮಣೆಯನ್ನು ಕನ್ನಡಕ್ಕೆ ಒಗ್ಗಿಸಿದವರ ಸಾಧನೆಯನ್ನು ಇಲ್ಲಿ ಕಿರಿದುಮಾಡುತ್ತಿಲ್ಲ. ಕೆ.ಪಿ. ರಾವ್ ಅವರು ಕನ್ನಡದ ವ್ಯಾಕರಣವನ್ನೇ ಅನುಸರಿಸಿ ರೂಪಿಸಿದ ಧ್ವನ್ಯಾತ್ಮಕ ವಿನ್ಯಾಸ, ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಕನ್ನಡವೇ ಇರುತ್ತಿರಲಿಲ್ಲ. ಪುಸ್ತಕ, ಪತ್ರಿಕೆ, ದಾಖಲೆಗಳ ಮುದ್ರಣಕ್ಕೆ ಅವು ಮುಂದೆಯೂ ಬೇಕು. ಆಕ್ಷೇಪವಿರುವುದು, ಆ ಸಾಧನೆಯನ್ನು ತೋರಿಸಿ ಇನ್ನು ಬೇರೆ ದಾರಿ ಬೇಡ ಎನ್ನುವವರ ಬಗ್ಗೆ. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ಪದ್ಧತಿಯೇ ಕೊನೆಯ ಪರಿಹಾರ ಎನ್ನುವವರ ಬಗ್ಗೆ. ಆ ಪದ್ಧತಿ ಎಲ್ಲಿ ಸೋಲುತ್ತದೆಂದು ನೋಡಲು ಅರಸೀಕೆರೆಯ ಮಗ್ಗುಲಿನ ವೆಂಕಟರಮಣನ ಬೆಟ್ಟದ ಹೆಸರೊಂದೇ ಸಾಕು. ಮಾಲೇಕಲ್ಲು. ಇದನ್ನು ಎಂ, ಎ, ಎಲ್, ಇ, ಕೆ, ಎ, ಎಲ್, ಎಲ್, ಯು ಎಂದು ಒತ್ತಿದರೆ ಅದು ಮಾಲೇಕಲ್ಲೂ ಆಗಬಹುದು, ಮಲೆಕಲ್ಲೂ ಆಗಬಹುದು, ಮಳೆಕಲ್ಲೂ ಆಗಬಹುದು. ಮಾಲೆ ಹೂವಿನದು, ಮಲೆ ಕಾಡಿನದು, ಮಳೆ ಮುಗಿಲಿನದು. ಇಂಗ್ಲಿಷಿನ ಐದು ಸ್ವರಾಕ್ಷರಗಳಲ್ಲಿ ನಮ್ಮ ಹ್ರಸ್ವ ದೀರ್ಘಗಳು ಕರಗಿಹೋಗುತ್ತವೆ. ಲ-ಳ, ನ-ಣ, ತ-ಟ, ದ-ಡ ಒಂದೇ ಆಗುತ್ತವೆ. ಹಾಗೆ ಒತ್ತಿದಾಗ ಹಳೇಬೀಡಿನ ಬೀಡು, ಕೈಬಿಡು ಎನ್ನುವಾಗಿನ ಬಿಡು ಬೇರೆಬೇರೆಯಾಗಿ ಉಳಿಯುವುದಿಲ್ಲ. ಅರಸಿಯ ಕೆರೆ ಅರಸೀಕೆರೆಯಾದಾಗ ಬಂದ ದೀರ್ಘ ಕಾಣುವುದಿಲ್ಲ. ಯಂತ್ರ ಊಹೆ ಮಾಡಿ ಒಂದನ್ನು ಮುಂದಿಡುತ್ತದೆ. ಅವಸರದಲ್ಲಿ ಅದನ್ನೇ ಒಪ್ಪಿಕೊಂಡರೆ ಊರಿನ, ಮನುಷ್ಯರ, ಜಮೀನಿನ ಹೆಸರು ದಾಖಲೆಯಲ್ಲಿ ತಪ್ಪಾಗಿ ಕೂರುತ್ತದೆ. ಪಹಣಿಯಲ್ಲೊಂದು, ಆಧಾರಿನಲ್ಲೊಂದು, ಬ್ಯಾಂಕಿನ ಪುಸ್ತಕದಲ್ಲೊಂದು ಹೆಸರಿದ್ದರೆ ರೈತ ಎಷ್ಟು ಸಲ ತಾಲ್ಲೂಕು ಕಚೇರಿಗೆ ಅಲೆಯಬೇಕಾಗುತ್ತದೆಂಬುದು ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಮಾಲೇಕಲ್ಲು ಎಂದು ಕೈಯಲ್ಲಿ ಬರೆಯುವವರು ಮ-ಗೆ ದೀರ್ಘ ಹಾಕಬೇಕೋ ಬೇಡವೋ ಎಂದು ಯಾರ ಊಹೆಗೂ ಬಿಟ್ಟುಕೊಡುವುದಿಲ್ಲ.

ಬಾಯಲ್ಲಿ ಹೇಳಿದರೆ ಸಾಕಲ್ಲವೇ ಎನ್ನುವ ಮಾತು ಈಗ ಹೆಚ್ಚು ಕೇಳಿಸುತ್ತಿದೆ. ದನಿಯಿಂದ ಬರೆಸುವ ವ್ಯವಸ್ಥೆ ಕಣ್ಣು ಕಾಣದವರಿಗೆ, ಅಕ್ಷರ ಬಾರದವರಿಗೆ ದೊಡ್ಡ ನೆರವು. ಅದು ಬೆಳೆಯಲೇಬೇಕು. ಆದರೆ ಅದು ಬರಹದ ಜಾಗ ತುಂಬಲಾರದು. ನಲವತ್ತು ಮಕ್ಕಳ ತರಗತಿಯಲ್ಲಿ ಎಲ್ಲರೂ ಒಟ್ಟಿಗೆ ತಮ್ಮ ತಮ್ಮ ಟ್ಯಾಬಿಗೆ ಪಾಠ ಹೇಳಲಾಗದು. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆ ಒಬ್ಬ ಹೆಂಗಸಿನ ಕಾಯಿಲೆಯ ವಿವರವನ್ನು ಜಗಲಿಯ ಮೇಲೆ ಕೂತು ಗಟ್ಟಿಯಾಗಿ ಉಚ್ಚರಿಸಲಾಗದು. ಕೊಬ್ಬರಿ ಹರಾಜಿನ ಗದ್ದಲದಲ್ಲಿ ಲೆಕ್ಕವನ್ನು ಯಂತ್ರಕ್ಕೆ ಕೇಳಿಸಲಾಗದು. ಇನ್ನೊಂದು ತೊಡಕು ನಮ್ಮ ಮಾತಿನ ಸ್ವಭಾವದಲ್ಲೇ ಇದೆ. ಹಾಸನದ ಸುತ್ತಲಿನ ಆಡುಮಾತಿನಲ್ಲಿ ಹಕಾರ ಎಷ್ಟೋ ಸಲ ಹಗುರಾಗಿ ಅಕಾರವಾಗುತ್ತದೆ. ಹಾಲು ಆಲಾಗುತ್ತದೆ, ಹಲ್ಮಿಡಿ ಅಲ್ಮಿಡಿಯಾಗುತ್ತದೆ. ಹೀಗೆ ಮಾತಾಡುವವರೇ ಬರೆಯಲು ಕೂತಾಗ ತಪ್ಪದೆ ಹಕಾರ ಬರೆಯುತ್ತಾರೆ. ಅವರ ನಾಲಿಗೆಗೆ ಒಂದು ಕನ್ನಡ ಗೊತ್ತು, ಕೈಗೆ ಇನ್ನೊಂದು ಕನ್ನಡ ಗೊತ್ತು, ಎರಡೂ ಅವರ ಸ್ವತ್ತೇ. ದನಿಯನ್ನೇ ಏಕೈಕ ದಾರಿ ಮಾಡಿದರೆ ಆಡುಮಾತಿನವರು ಯಂತ್ರಕ್ಕಾಗಿ ತಮ್ಮ ಮಾತನ್ನು ತಿದ್ದಿಕೊಳ್ಳಬೇಕು, ಇಲ್ಲವೇ ಅವರ ಬರಹ ತಪ್ಪಾಗಬೇಕು. ಇದರ ಮೇಲೆ ಗಣಿತದ ಲೆಕ್ಕ, ರಸಾಯನಶಾಸ್ತ್ರದ ಸೂತ್ರ, ಜಮೀನಿನ ಚಕ್ಕುಬಂದಿಯ ನಕ್ಷೆ, ಬಾಣ ಹಾಕಿ ತೋರಿಸುವ ಟಿಪ್ಪಣಿ ಇವ್ಯಾವುವೂ ಮಾತಿಗೆ ಸಿಕ್ಕುವ ವಸ್ತುಗಳಲ್ಲ.

ಪೆನ್ನಿನ ವಿರುದ್ಧ ಕೇಳಿಬರುವ ತೀರ್ಪು ನಮ್ಮದಲ್ಲ, ಬೇರೆಡೆಯಿಂದ ಬಂದದ್ದು. 1990ರ ದಶಕದಲ್ಲಿ ಅಮೆರಿಕದಲ್ಲಿ ಪೆನ್ನಿನ ಕೈಗಣಕಗಳು ಬಂದವು. 1993ರ ನ್ಯೂಟನ್ ಕೈಬರಹವನ್ನು ತಪ್ಪಾಗಿ ಓದಿ ನಗೆಪಾಟಲಾಯಿತು. 1996ರ ಪಾಮ್ ಪೈಲಟ್ ಗೆದ್ದಿತು, ಆದರೆ ಅದಕ್ಕಾಗಿ ಬಳಸುವವರು ‘ಗ್ರಾಫಿಟಿ’ ಎಂಬ, ಯಂತ್ರಕ್ಕೆ ಅನುಕೂಲವಾದ ಸರಳೀಕೃತ ಅಕ್ಷರಗಳನ್ನು ಹೊಸದಾಗಿ ಕಲಿಯಬೇಕಾಯಿತು. 2007ರ ಜನವರಿಯಲ್ಲಿ ಐಫೋನ್ ಅನಾವರಣ ಮಾಡುತ್ತ ಸ್ಟೀವ್ ಜಾಬ್ಸ್ ಪೆನ್ನು ಯಾರಿಗೂ ಬೇಡವೆಂದು ಸಾರಿ, ಬೆರಳೇ ಸಾಕೆಂದರು. ಆ ಮಾತು ಜಗತ್ತಿನ ಮಾತಾಯಿತು. ಜಾಬ್ಸ್ ಅವರ ಕಂಪನಿಯೇ 2015ರಲ್ಲಿ ಐಪ್ಯಾಡ್ ಪ್ರೊ ಜೊತೆ ಪೆನ್ಸಿಲನ್ನು ಮಾರಲು ತಂದಿತು. ಅದಕ್ಕೂ ನಾಲ್ಕು ವರ್ಷ ಮೊದಲೇ ಸ್ಯಾಮ್‌ಸಂಗ್ ತನ್ನ ನೋಟ್ ಫೋನಿನೊಳಗೆ ಪೆನ್ನು ಇಟ್ಟಿತ್ತು. ಇಲ್ಲಿ ಗಮನಿಸಬೇಕಾದದ್ದು ಇಷ್ಟು. ಬೆರಳೇ ಸಾಕು ಎಂಬ ತೀರ್ಪು 26 ಅಕ್ಷರಗಳ, ಒತ್ತಿಲ್ಲದ, ಗುಣಿತವಿಲ್ಲದ ಲಿಪಿಯವರ ಅನುಭವದಿಂದ ಹೊಮ್ಮಿದ್ದು. ಅವರ ಪೂರ್ಣ ವರ್ಣಮಾಲೆ ಗಾಜಿನ ಮೇಲೆ ಮೂರು ಸಾಲಿನಲ್ಲಿ ಹಿಡಿಯುತ್ತದೆ. ಅವರಿಗೆ ಸರಿಯಾದ ತೀರ್ಪನ್ನು ಒತ್ತಕ್ಷರದ ಲಿಪಿಯವರು ಪರೀಕ್ಷಿಸದೆ ಒಪ್ಪಿದ್ದೇ ನಮ್ಮ ತಪ್ಪು.

ಪರೀಕ್ಷೆ ನಡೆದೇ ಇರಲಿಲ್ಲ ಎಂದೇನೂ ಅಲ್ಲ. ಐಫೋನಿಗೂ ಮೊದಲು, ಇದೇ ಕರ್ನಾಟಕದಲ್ಲಿ ನಡೆದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಸಂಸ್ಥೆಯವರ ಜೊತೆಗೂಡಿ ಸಿಂಪ್ಯೂಟರ್ ಎಂಬ ಕೈಗಣಕವನ್ನು ರೂಪಿಸಿದರು. 2001ರಲ್ಲಿ ಅದರ ಮಾದರಿ ಹೊರಬಂತು. 2004ರಲ್ಲಿ ಅಮಿಡಾ ಎಂಬ ಹೆಸರಿನಲ್ಲಿ, ಬಿಇಎಲ್ ತಯಾರಿಕೆಯಾಗಿ ಮಾರುಕಟ್ಟೆಗೆ ಬಂತು. ಬರೆಯಲು ಕಡ್ಡಿ, ಓದಿ ಹೇಳಲು ಭಾರತೀಯ ಭಾಷೆಗಳ ದನಿ, ಯಾವ ಲಿಪಿಯಲ್ಲಿ ಗೀಚಿದರೂ ಆ ಕೈಬರಹವನ್ನೇ ಮಿಂಚಂಚೆಯಾಗಿ ಕಳಿಸುವ ಅನುಕೂಲ ಅದರಲ್ಲಿದ್ದವು. ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿದ್ದ ಕರ್ನಾಟಕ ಸರ್ಕಾರ, ಜಮೀನಿನ ದಾಖಲೆಯ ಕೆಲಸಕ್ಕೆ ಸಿಂಪ್ಯೂಟರನ್ನೂ ಬಳಸಿತು. ಆದರೆ 2005ರ ಹೊತ್ತಿಗೆ ಮಾರಾಟವಾದದ್ದು ಸುಮಾರು 4,000 ಮಾತ್ರ. ಈ ಸೋಲನ್ನು ತೋರಿಸಿ ಪೆನ್ನು ಸೋತಿತು ಎನ್ನುವವರಿದ್ದಾರೆ. ಆಗಿನ ಪರಿಸ್ಥಿತಿ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಬಡವರ ಗಣಕವೆಂದು ಹೊರಟ ವಸ್ತುವಿನ ಬೆಲೆ ಹತ್ತು ಸಾವಿರದ ಆಸುಪಾಸಿನಿಂದ ಶುರುವಾಗುತ್ತಿತ್ತು. ಹಳ್ಳಿಗಳಿಗೆ ಡೇಟಾ ಸಂಪರ್ಕವೇ ಇರಲಿಲ್ಲ. ಅದೇ ವರ್ಷಗಳಲ್ಲಿ ಮೊಬೈಲ್ ಫೋನು ಅಗ್ಗವಾಗಿ ಎಲ್ಲರ ಜೇಬು ಸೇರಿತು. ಸಿಂಪ್ಯೂಟರ್ ಬೆಲೆಯಿಂದ ಸೋತಿತು, ಸಂಪರ್ಕವಿಲ್ಲದೆ ಸೋತಿತು. ಸಿಮ್ ಇರುವ ಟ್ಯಾಬಿನಲ್ಲಿ ಇವತ್ತು ಆ ಎರಡು ಅಡ್ಡಿಗಳೂ ಬಹಳಮಟ್ಟಿಗೆ ತೀರಿವೆ. ಅಡ್ಡಿ ತೀರಿದ ಹೊತ್ತಿಗೆ ಆ ಕಡ್ಡಿಯನ್ನು ನಾವು ಮರೆತಿರುವುದು ಬೇಸರದ ಸಂಗತಿ.

ಕೈಬರಹವನ್ನು ಯಂತ್ರ ಸರಿಯಾಗಿ ಓದುವುದಿಲ್ಲ ಎಂಬುದು ಇನ್ನೊಂದು ಆಕ್ಷೇಪ. ಇದರಲ್ಲಿ ಸತ್ಯಾಂಶವಿದೆ. ಅವಸರದಲ್ಲಿ ಬರೆದ ಕನ್ನಡದಲ್ಲಿ ಪ-ಷ, ವ-ಮ, ಘ-ಫ ಒಂದರಂತೆ ಇನ್ನೊಂದು ಕಾಣುತ್ತವೆ; ಒತ್ತುಗಳು ಒಂದಕ್ಕೊಂದು ತಾಗುತ್ತವೆ. ಆದರೆ ಕೆಲಸ ನಿಂತಿಲ್ಲ. ಬೆಂಗಳೂರಿನ ಎಚ್‌ಪಿ ಪ್ರಯೋಗಾಲಯದವರು ವ್ಯಂಜನದ ಮೇಲೆ ಕಡ್ಡಿಯಿಂದ ಗುಣಿತದ ಚಿಹ್ನೆ ಗೀಚಿದರೆ ಪೂರ್ಣ ಅಕ್ಷರ ಮೂಡುವ ಹಲಗೆಯನ್ನು ಎರಡು ದಶಕದ ಹಿಂದೆಯೇ ಮಾಡಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ಪ್ರಯೋಗಾಲಯ ತಮಿಳು, ಕನ್ನಡ ಬರಹಗಳನ್ನು ಯಂತ್ರದಿಂದ ಓದಿಸುವ ಸಂಶೋಧನೆ ನಡೆಸಿದೆ. 2015ರಲ್ಲಿ ಗೂಗಲ್ 82 ಭಾಷೆಗಳ ಕೈಬರಹವನ್ನು ಓದುವ ಆ್ಯಪ್ ತಂದಾಗ ಅವುಗಳಲ್ಲಿ ಕನ್ನಡವೂ ಇತ್ತು. ಇದಕ್ಕಿಂತ ದೊಡ್ಡ ಉತ್ತರ ಬೇರೆ ಇದೆ. ಬರೆದದ್ದನ್ನೆಲ್ಲ ಯಂತ್ರ ಓದಲೇಬೇಕೆಂಬ ಹಟ ಯಾಕೆ? ವಿದ್ಯಾರ್ಥಿಯ ಟಿಪ್ಪಣಿ ಅವರು ಓದುವುದಕ್ಕೆ, ಮೇಷ್ಟ್ರ ತಿದ್ದುಪಡಿ ವಿದ್ಯಾರ್ಥಿ ಓದುವುದಕ್ಕೆ, ಗ್ರಾಮ ಆಡಳಿತ ಅಧಿಕಾರಿಯ ಸ್ಥಳ ತನಿಖೆಯ ವರದಿ ತಹಶೀಲ್ದಾರರು ಓದುವುದಕ್ಕೆ. ಮನುಷ್ಯ ಬರೆದದ್ದನ್ನು ಮನುಷ್ಯ ಓದಿದರೆ ಅಲ್ಲಿಗೆ ಕೆಲಸ ಮುಗಿಯಿತು. ಟ್ಯಾಬ್ ಅದನ್ನು ಕಾಯ್ದಿಟ್ಟು, ದಿನಾಂಕ ಹಾಕಿ, ಕಳಿಸಿದರೆ ಸಾಕು. ಹುಡುಕಲು ಬೇಕಾದ ನಾಲ್ಕಾರು ಪದಗಳನ್ನು ಯಂತ್ರ ಓದಲಿ; ತಪ್ಪು ಓದಿದರೂ ಮೂಲ ಬರಹ ಅದರ ಪಕ್ಕದಲ್ಲೇ ಸಾಕ್ಷಿಯಾಗಿ ಇರುತ್ತದೆ. ತಪ್ಪಾಗಿ ಟೈಪಾದ ಪದಕ್ಕೆ ಅಂಥ ಸಾಕ್ಷಿಯೇ ಇರುವುದಿಲ್ಲ.

ಕಲಿಕೆಯ ಮಟ್ಟಿಗೆ ಪುರಾವೆ ಇನ್ನೂ ಸ್ಪಷ್ಟವಾಗಿದೆ. ನಾರ್ವೆಯ ಟ್ರಾಂಡ್‌ಹೈಮ್‌ನಲ್ಲಿರುವ ವಿಶ್ವವಿದ್ಯಾಲಯದಲ್ಲಿ ಆಡ್ರಿ ವ್ಯಾನ್ ಡೆರ್ ಮೀರ್ ಮತ್ತು ಸಂಗಡಿಗರು 36 ವಿದ್ಯಾರ್ಥಿಗಳ ತಲೆಗೆ ವಿದ್ಯುದ್ಗ್ರಾಹಿಗಳ ಜಾಲ ತೊಡಿಸಿ, ಅವೇ ಪದಗಳನ್ನು ಒಮ್ಮೆ ಕೀಲಿಯೊತ್ತಿ, ಒಮ್ಮೆ ಕೈಯಿಂದ ಬರೆಯಿಸಿದರು. ಕೈಯಿಂದ ಬರೆಯುವಾಗ ಮಿದುಳಿನ ಬೇರೆಬೇರೆ ಭಾಗಗಳ ನಡುವಿನ ಸಂಪರ್ಕ ಹೆಚ್ಚು ವ್ಯಾಪಕವಾಗಿತ್ತೆಂದು 2024ರಲ್ಲಿ ಪ್ರಕಟಿಸಿದರು. ಇಲ್ಲಿ ನಮ್ಮ ಚರ್ಚೆಗೆ ಬೇಕಾದ ವಿವರವೊಂದಿದೆ: ಆ ವಿದ್ಯಾರ್ಥಿಗಳು ಬರೆದದ್ದು ಕಾಗದದ ಮೇಲಲ್ಲ, ಪರದೆಯ ಮೇಲೆ, ಡಿಜಿಟಲ್ ಪೆನ್ನಿನಿಂದ. ಕೈಯ ಚಲನೆಯ ಲಾಭ ಗಾಜಿನ ಮೇಲೂ ಉಳಿಯುತ್ತದೆಂದು ಇದರಿಂದ ತಿಳಿಯುತ್ತದೆ. ಅದು ಪರೀಕ್ಷೆಯ ಅಂಕಗಳನ್ನು ಅಳೆದ ಅಧ್ಯಯನವಲ್ಲ, ಅಷ್ಟರಮಟ್ಟಿಗೆ ಎಚ್ಚರ ಬೇಕು. ಆದರೆ 2005ರಲ್ಲಿ ಫ್ರಾನ್ಸಿನಲ್ಲಿ ಮಾರಿಕೆ ಲಾಂಗ್‌ಕಾಂಪ್ ಮತ್ತು ಸಂಗಡಿಗರು ಮೂರರಿಂದ ಐದು ವರ್ಷದ ಮಕ್ಕಳ ಮೇಲೆ ನಡೆಸಿದ ಅಧ್ಯಯನದಲ್ಲೂ, ಕೈಯಿಂದ ಬರೆದು ಕಲಿತ ದೊಡ್ಡ ಮಕ್ಕಳು ಕೀಲಿಯೊತ್ತಿ ಕಲಿತವರಿಗಿಂತ ಅಕ್ಷರಗಳನ್ನು ಚೆನ್ನಾಗಿ ಗುರುತಿಸಿದರು. ಒಂದು ತಿರುವು ಹೆಚ್ಚಾದರೆ ಪ ಹೋಗಿ ಷ ಆಗುವ, ಒಂದು ಸುಳಿ ಬದಲಾದರೆ ಅರ್ಥವೇ ಬೇರೆಯಾಗುವ ಲಿಪಿಗೆ ಕೈಯ ನೆನಪು ಇನ್ನೆಷ್ಟು ಮುಖ್ಯವೆಂದು ಬಿಡಿಸಿ ಹೇಳಬೇಕಿಲ್ಲ.

ಇಲ್ಲಿ ಇನ್ನೊಂದು ಬದಿಯಿಂದ ಆಕ್ಷೇಪ ಬರುತ್ತದೆ, ಅದು ಗೌರವಕ್ಕೆ ಅರ್ಹವಾದದ್ದು. ಸ್ವೀಡನ್ ಸರ್ಕಾರ 2023ರಲ್ಲಿ ಶಾಲೆಗಳ ಪರದೆಯ ಭರಾಟೆಯನ್ನು ಹಿಂದಕ್ಕೆ ಸರಿಸಿ ಮುದ್ರಿತ ಪುಸ್ತಕ, ಕೈಬರಹಗಳ ಕಡೆ ತಿರುಗಿತು. ಯುನೆಸ್ಕೊ ಕೂಡ ಅದೇ ವರ್ಷದ ವರದಿಯಲ್ಲಿ ಶಾಲೆಯ ತಂತ್ರಜ್ಞಾನದ ಬಗ್ಗೆ ಎಚ್ಚರಿಕೆ ಹೇಳಿತು. ಹಾಗಿರುವಾಗ ಟ್ಯಾಬೇ ಬೇಡ, ನೋಟ್‌ಬುಕ್ಕು ಪೆನ್ಸಿಲ್ ಸಾಕು ಎನ್ನುತ್ತಾರೆ. ಚಿಕ್ಕ ಮಕ್ಕಳ ಮಟ್ಟಿಗೆ ಈ ಮಾತನ್ನು ಪೂರ್ತಿ ಒಪ್ಪುತ್ತೇನೆ. ಒಂದರಿಂದ ಐದನೇ ತರಗತಿಯವರೆಗೆ ಹಲಗೆ, ಬಳಪ, ಕಾಗದ, ಕಾಪಿ ಪುಸ್ತಕ ಇವಕ್ಕೆ ಬದಲಿಯಿಲ್ಲ. ಆದರೆ ಮೇಲಿನ ತರಗತಿಗಳಿಗೂ ಕಚೇರಿಗಳಿಗೂ ಪರದೆ ಬಂದಾಗಿದೆ. ಬೇಕೋ ಬೇಡವೋ ಎಂಬ ಪ್ರಶ್ನೆ ನಮ್ಮ ಕೈ ಮೀರಿದೆ. 2021ರಲ್ಲಿ ಕರ್ನಾಟಕ ಸರ್ಕಾರವೇ ಸರ್ಕಾರಿ ಪದವಿ, ಪಾಲಿಟೆಕ್ನಿಕ್, ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಲು ಹೊರಟಿತು. ಬೆಳೆ ಸಮೀಕ್ಷೆ ಆ್ಯಪಿನಲ್ಲಿ ನಡೆಯುತ್ತದೆ, ಅಂಗನವಾಡಿಯ ದಾಖಲೆ ಆ್ಯಪಿನಲ್ಲಿದೆ, 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರು ಮೊಬೈಲ್ ಹಿಡಿದೇ ಮನೆಮನೆ ಹತ್ತಿದರು. ಕಾಗದದಲ್ಲಿ ಬರೆದದ್ದನ್ನು ಮತ್ತೆ ಯಾರೋ ಟೈಪಿಸಬೇಕು, ಆಗ ಹೆಸರು ಮತ್ತೆ ತಪ್ಪುತ್ತದೆ. ಸ್ವೀಡನ್ನಿನ ಪಾಠವನ್ನು ಸರಿಯಾಗಿ ಓದಿದರೆ ಅದು ನನ್ನ ವಾದಕ್ಕೇ ಬಲ ಕೊಡುತ್ತದೆ. ಅಲ್ಲಿನವರು ಮರಳಿ ಹಿಡಿಯಹೊರಟದ್ದು ಪುಸ್ತಕವನ್ನು ಮತ್ತು ಬರೆಯುವ ಕೈಯನ್ನು. ಪೆನ್ನಿಲ್ಲದ ಟ್ಯಾಬ್ ಮಕ್ಕಳನ್ನು ನೋಡುವವರನ್ನಾಗಿಸುತ್ತದೆ. ಬೆರಳು ಜಾರಿಸಿದರೆ ಮುಂದಿನ ವಿಡಿಯೊ. ಪೆನ್ನು ಕೈಗೆ ಬಂದರೆ ಅದೇ ಪರದೆ ಬರೆಯುವ ಜಾಗವಾಗುತ್ತದೆ.

ಖರ್ಚಿನ ಪ್ರಶ್ನೆ ಉಳಿಯಿತು. ಒಳ್ಳೆಯ ಪೆನ್ನಿಗೆ ದುಡ್ಡು ಬೀಳುತ್ತದೆ, ಕಳೆದುಹೋಗುತ್ತದೆ, ನಿಬ್ಬು ಸವೆಯುತ್ತದೆ ಎಂಬುದೆಲ್ಲ ನಿಜ. ಆದ್ದರಿಂದಲೇ ಯಾವ ಪೆನ್ನು ಎಂದು ತಿಳಿದು ಕೇಳಬೇಕು. ಸಂತೆಯಲ್ಲಿ ಸಿಗುವ ರಬ್ಬರ್ ಮೂತಿಯ ಕಡ್ಡಿ ಬೆರಳಿನ ಬದಲು ಒತ್ತುವ ವಸ್ತು ಅಷ್ಟೇ; ಅದರ ದಪ್ಪ ತುದಿಯಲ್ಲಿ ಒತ್ತಕ್ಷರ ಬರೆಯಲಾಗದು. 2011ರಲ್ಲಿ ದೊಡ್ಡ ಭರವಸೆಯೊಡನೆ ಬಂದ ಆಕಾಶ್ ಟ್ಯಾಬಿನ ಪರದೆ ಒತ್ತಿದರಷ್ಟೇ ಸ್ಪಂದಿಸುವ ಬಗೆಯದು; ಅಂಥದರ ಮೇಲೆ ನಾಲ್ಕು ಸಾಲು ಬರೆಯುವಷ್ಟರಲ್ಲಿ ಮಣಿಕಟ್ಟು ಸೋಲುತ್ತದೆ. ಈಗಿನ ಉತ್ತಮ ಪೆನ್ನುಗಳಲ್ಲಿ ಪರದೆಯ ಅಡಿಯಿಂದಲೇ ವಿದ್ಯುತ್ಕಾಂತ ಶಕ್ತಿ ಪಡೆದು ಬ್ಯಾಟರಿಯಿಲ್ಲದೆ ನಡೆಯುವ ಬಗೆಯಿದೆ. ಚಾರ್ಜ್ ಮಾಡುವ ತಾಪತ್ರಯವಿಲ್ಲದ ಕಾರಣ ಕರೆಂಟು ಹೋಗಿಬರುವ ಹಳ್ಳಿಗೆ ಹೊಂದುವುದು ಇದೇ. ನಿಬ್ಬು ಬದಲಿಸಬಹುದು, ದಾರ ಕಟ್ಟಿ ಟ್ಯಾಬಿಗೆ ಬಿಗಿಯಬಹುದು. ವಿಡಿಯೊ ನೋಡಲೆಂದು ದೊಡ್ಡ ಪರದೆಗೆ, ಇನ್ನೊಂದು ಕ್ಯಾಮೆರಾಕ್ಕೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಪೆನ್ನಿಗೆ ಇಟ್ಟರೆ ಒಟ್ಟು ಬೆಲೆ ಹೆಚ್ಚು ಏರಬೇಕಿಲ್ಲ. ಕೀಲಿಮಣೆಯೇ ವೇಗ ಎನ್ನುವವರಿಗೂ ಇಲ್ಲೇ ಉತ್ತರ ಹೇಳಬೇಕು. ಪಳಗಿದ ಟೈಪಿಸ್ಟಿನ ವೇಗವನ್ನು ಕೈಬರಹ ಮುಟ್ಟಲಾರದು, ನಿಜ. ಆದರೆ ಟ್ಯಾಬ್ ಪಡೆಯುವ ನೂರು ಜನರಲ್ಲಿ ಪಳಗಿದ ಟೈಪಿಸ್ಟುಗಳು ಎಷ್ಟು ಮಂದಿ? ಉಳಿದವರೆಲ್ಲ ಒಂದೊಂದು ಅಕ್ಷರಕ್ಕೆ ಹುಡುಕಾಡುವವರು. ಅವರ ವೇಗ ಇರುವುದು ಶಾಲೆಯಲ್ಲಿ ಪಳಗಿದ ಕೈಯಲ್ಲಿ.

ಹಾಗಾದರೆ ಹೊಸ ಟ್ಯಾಬನ್ನು ಪರೀಕ್ಷಿಸುವುದು ಹೇಗೆ? ತಣ್ಣನೆಯ ಅಂಗಡಿಯ ಬೆಳಕಿನಲ್ಲಿ ಆಗದು. ಮಾಲೇಕಲ್ಲಿನ ಮೆಟ್ಟಿಲ ಮೇಲಿನ ನಡುಹಗಲ ಬಿಸಿಲಿನಲ್ಲಿ, ತೆಂಗಿನ ತೋಟದ ನೆರಳು ಬೆಳಕಿನಲ್ಲಿ ಅದನ್ನು ಹಿಡಿಯಬೇಕು. ಅಲ್ಲಿ ಅಕ್ಷರ ಕಾಣದಿದ್ದರೆ ಬಯಲಲ್ಲಿ ಕೆಲಸ ಮಾಡುವವರಿಗೆ ಅದು ಪ್ರಯೋಜನವಿಲ್ಲ. ‘ಮಾಲೇಕಲ್ಲು’, ‘ರಾಷ್ಟ್ರ’, ‘ಧರ್ಮ’, ‘ಸ್ವಾತಂತ್ರ್ಯ’ ಈ ನಾಲ್ಕು ಪದಗಳನ್ನು ನೋಟ್‌ಬುಕ್ಕಿನ ಗೆರೆಯ ಅಳತೆಯಲ್ಲೇ ಬರೆಯಬೇಕು. ‘ತ್ರ್ಯ’ದ ಎರಡು ಒತ್ತುಗಳು ಕಲಸಿಹೋಗದೆ ಬಿಡಿಬಿಡಿಯಾಗಿ ಮೂಡುತ್ತವೆಯೇ ನೋಡಬೇಕು. ಬರೆಯುವಾಗ ಅಂಗೈಯನ್ನು ಪರದೆಯ ಮೇಲೆ ಊರಬೇಕು. ಊರಿದ ಕಡೆ ಅಡ್ಡಗೆರೆ ಬಿದ್ದರೆ ಆ ಟ್ಯಾಬಿಗೆ ಬರೆಯುವ ಕೈಯ ಪರಿಚಯವಿಲ್ಲ ಎಂದರ್ಥ. ಪೆನ್ನಿನ ಮೊನೆಗೂ ಮಸಿಗೂ ನಡುವೆ ತಡವಾಗುತ್ತದೆಯೇ ನೋಡಬೇಕು, ತಡವಾದರೆ ಗುಡಿಸು ಸುತ್ತುವ ಕೈ ಹದ ತಪ್ಪುತ್ತದೆ. ಆಮೇಲೆ ಸಿಮ್ಮಿನ ಡೇಟಾ ಆರಿಸಿ ಮತ್ತೆ ಬರೆಯಬೇಕು. ಬರೆದದ್ದು ಉಳಿಯಲು, ಓದಲು ನೆಟ್‌ವರ್ಕ್ ಬೇಕೆನ್ನುವ ಟ್ಯಾಬ್ ಗುಡ್ಡಗಾಡಿನ ಊರಿಗೆ ಒದಗದು. ಕಳಿಸುವುದಕ್ಕಷ್ಟೇ ನೆಟ್‌ವರ್ಕ್ ಬೇಕಾಗಬೇಕು. ಇಷ್ಟಾದ ಮೇಲೆ ಮೆಮೊರಿ, ಕ್ಯಾಮೆರಾಗಳ ಲೆಕ್ಕ ಬರಲಿ. ಈ ಪರೀಕ್ಷೆಗೆ ಪರಿಣತರು ಬೇಕಿಲ್ಲ, ಕನ್ನಡ ಬರೆಯಬಲ್ಲ ಯಾರಾದರೂ ಸಾಕು.

ಬೇಲೂರಿನ ಮದನಿಕೆಯರ ಪೀಠದಲ್ಲಿ ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೊರೆದಿದ್ದಾರೆ. ಅರಸೀಕೆರೆ ತಾಲ್ಲೂಕಿನ ಜಾವಗಲ್ಲಿನಿಂದ ಸೋಮನಾಥಪುರದವರೆಗೆ ಮಲ್ಲಿತಮ್ಮನ ಹೆಸರಿದೆ. ಕಟ್ಟಿಸಿದ ದೊರೆಗಳ ಹೆಸರಿನ ಜೊತೆ ಕೆತ್ತಿದವರ ಹೆಸರೂ ನಮಗೆ ಉಳಿದದ್ದು ಅವರ ಕೈಯಲ್ಲಿ ಮೊನೆಯೊಂದು ಇದ್ದುದರಿಂದ, ಅದರಿಂದ ಕನ್ನಡದಲ್ಲಿ ಬರೆಯುವುದು ಅವರಿಗೆ ಗೊತ್ತಿದ್ದುದರಿಂದ. ಇವತ್ತು ಸರ್ಕಾರ, ಶಾಲೆ, ಸಂಘ ಸಂಸ್ಥೆಗಳು ಟ್ಯಾಬ್ ಕೊಳ್ಳಲು ಟೆಂಡರ್ ಕರೆಯುವಾಗ ಷರತ್ತುಗಳ ಪಟ್ಟಿಯಲ್ಲಿ ಇನ್ನೆರಡು ಸಾಲು ಸೇರಿಸಲಿ: ಬರೆಯಲು ಯೋಗ್ಯವಾದ ಪೆನ್ನು ಜೊತೆಗಿರಬೇಕು, ಒತ್ತಕ್ಷರ ಸಹಿತ ಕನ್ನಡ ಕೈಬರಹದ ಪರೀಕ್ಷೆಯಲ್ಲಿ, ನೆಟ್‌ವರ್ಕ್ ಇಲ್ಲದೆ, ಟ್ಯಾಬ್ ತೇರ್ಗಡೆಯಾಗಬೇಕು. ಕನ್ನಡ ಅಭಿವೃದ್ಧಿಯ ಹೊಣೆ ಹೊತ್ತವರು ಕೀಲಿಮಣೆಗೆ ಮಾನಕ ರೂಪಿಸಿದಂತೆ ಕೈಬರಹಕ್ಕೂ ಒಂದು ಮಾನಕ ರೂಪಿಸಲಿ. ಈ ಎರಡು ಸಾಲು ಬರೆಯದಿರಲು ಇದ್ದ ಕಾರಣಗಳು ಒಂದೊಂದಾಗಿ ಬಿದ್ದಿವೆ. ಕೈಗೆ ಬಂದ ಹೊಸ ಹಲಗೆಯ ಮೇಲೆ ಅರಸೀಕೆರೆಯ ಹುಡುಗಿಯೊಬ್ಬಳು ತನ್ನ ಊರಿನ ಹೆಸರನ್ನು ದೀರ್ಘ ತಪ್ಪದಂತೆ ತನ್ನ ಕೈಯಾರೆ ಬರೆಯಬಲ್ಲಳೇ ಎಂದು ಮೊದಲು ನೋಡಿ, ಆಮೇಲೆ ಹಣ ಕೊಡಲಿ.